ಆಡುಸೋಗೆ ಬೆಳೆಸಿದವನು

"ಗುರುಗಳೇ, ಸಿಟ್ಟಿನ ಬಗ್ಗೆ ನೀವು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ಆದರೂ ಅಡಿವೆಯ್ಯನ ಮೇಲಿನ ನನ್ನ ಸಿಟ್ಟು ಹೋಗುವುದಿಲ್ಲ. ಯಾಕೆ?"

ಕೇಳಿದವನು ರುದ್ರಮುನಿ ಎಂಬ ಶಿಷ್ಯ. ಅಡಿವೆಯ್ಯ ಅವನ ಜೊತೆಯಲ್ಲೇ ಓದುವವನು. ಒಂದು ದಿನ ಮಠಕ್ಕೆ ಬಂದ ಭಕ್ತರ ಎದುರಿಗೆ ರುದ್ರಮುನಿ ಶ್ಲೋಕವೊಂದನ್ನು ತಪ್ಪಾಗಿ ಹೇಳಿದ್ದ. ಅಡಿವೆಯ್ಯ ಅಲ್ಲೇ ತಿದ್ದಿದ. ಯಾರೋ ನಕ್ಕರು. ಅಂದಿನಿಂದ ರುದ್ರಮುನಿ ಅವನೊಡನೆ ಮಾತು ಬಿಟ್ಟಿದ್ದ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಒಂದೇ ಜಗುಲಿಯಲ್ಲಿ ಓದುತ್ತಿದ್ದರು, ಮಾತು ಮಾತ್ರ ಇರಲಿಲ್ಲ.

ಈ ಪ್ರಶ್ನೆ ಗುರುಗಳಿಗೆ ಹೊಸದಲ್ಲ. ಹಿಂದೆ ಕೇಳಿದಾಗ ಅವರು ತಾಳ್ಮೆಯಿಂದ ಬೋಧಿಸಿದ್ದರು. ಮರುದಿನ ರುದ್ರಮುನಿ ಆ ಬೋಧೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದ. ಮತ್ತೆ ಕೇಳಿದಾಗ ಮತ್ತೆ ಬೋಧಿಸಿದ್ದರು. ಅದನ್ನೂ ಒಪ್ಪಿಸಿದ್ದ.

ಗುರುಗಳು ಹಣೆ ಒತ್ತಿಕೊಂಡರು. "ಇವತ್ತು ಬೋಧೆ ಬೇಡ. ಒಬ್ಬ ರೈತನ ಕತೆ ಹೇಳುತ್ತೇನೆ, ಕೂತುಕೋ" ಎಂದರು.

ಒಬ್ಬ ರೈತನಿದ್ದ. ಒಳ್ಳೆಯ ಕೆಲಸಗಾರ. ಒಂದು ವರ್ಷ ಮಳೆಗಾಲ ಹಿಡಿಯುತ್ತಲೇ ಅವನಿಗೆ ಕೆಮ್ಮು ಹತ್ತಿತು. ಮಳೆ ಸ್ವಲ್ಪ ಬಿಡುವು ಕೊಟ್ಟಿತು, ಕೆಮ್ಮು ಕೊಡಲಿಲ್ಲ. ಒಂದು ಸಾಲು ಉಳುವಷ್ಟರಲ್ಲಿ ನೇಗಿಲ ಮೇಳಿ ಹಿಡಿದುಕೊಂಡು ನಿಂತು ಕೆಮ್ಮುತ್ತಿದ್ದ. ಎತ್ತುಗಳು ತಿರುಗಿ ನೋಡುತ್ತಿದ್ದವು. ಅವನು ಬಿಟ್ಟ ಕೆಲಸವನ್ನೆಲ್ಲ ಹೆಂಡತಿ ಮಾಡಬೇಕಾಯಿತು. ಅವಳು ಮೆಣಸು ಕುದಿಸಿ ಕೊಟ್ಟಳು. ಶುಂಠಿ ಜಜ್ಜಿ ಕೊಟ್ಟಳು. ಯಾವುದೂ ನಾಟಲಿಲ್ಲ.

ದೂರದ ಹಳ್ಳಿಯೊಂದರಲ್ಲಿ ನಾರುಬೇರಿನ ಔಷಧಿ ಕೊಡುವ ಮುದುಕಿಯಿದ್ದಳು. ಹೆಂಡತಿಯ ಕಾಟ ತಾಳಲಾರದೆ ರೈತ ಅಲ್ಲಿಗೆ ಹೋದ. ಮುದುಕಿ ಅವನ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಕಫದಲ್ಲಿ ರಕ್ತ ಬೀಳುತ್ತದೆಯೇ ಎಂದು ವಿಚಾರಿಸಿದಳು. ಇಲ್ಲ ಎಂದ. ಆಮೇಲೆ ತನ್ನ ಹಿತ್ತಿಲ ಬೇಲಿಯಲ್ಲಿದ್ದ ಆಡುಸೋಗೆ ಗಿಡ ತೋರಿಸಿದಳು.

"ಇದರ ಎಲೆ ಕುದಿಸಿ ಕಷಾಯ ಮಾಡಿ, ಬೆಳಿಗ್ಗೆ ಸಂಜೆ ಒಂದೊಂದು ಬಟ್ಟಲು ಕುಡಿ. ಕಹಿಯಿರುತ್ತದೆ. ಜೇನು ಬೆರೆಸಿಕೋ. ಬಸುರಿಯರಿಗೆ ಮಾತ್ರ ಇದನ್ನು ಕೊಡಬೇಡ" ಎಂದಳು.

ಒಂದು ಕಟ್ಟು ಎಲೆ ಕೊಟ್ಟಳು. ಜೊತೆಗೆ ಬಲಿತ ಕಡ್ಡಿಗಳನ್ನೂ ಮುರಿದು ಕೊಟ್ಟು, "ಇವನ್ನು ಹಿತ್ತಿಲಲ್ಲಿ ಊರಿಬಿಡು, ಚಿಗುರುತ್ತವೆ. ಮತ್ತೆ ಎಲೆಗಾಗಿ ಇಷ್ಟು ದೂರ ನಡೆಯಬೇಕಾಗಿಲ್ಲ" ಎಂದಳು.

ದಾರಿಯಲ್ಲಿ ರೈತ ಒಂದು ಎಲೆಯನ್ನು ಬಾಯಿಗೆ ಹಾಕಿಕೊಂಡ. ತಕ್ಷಣ ಉಗುಳಿದ. ಮನೆ ಮುಟ್ಟುವವರೆಗೂ ನಾಲಿಗೆ ಕಹಿಯಾಗಿಯೇ ಇತ್ತು. ಎಲೆಯ ಕಟ್ಟನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿದ. ಅದು ಅಲ್ಲೇ ಒಣಗಿತು. ಕಡ್ಡಿಗಳನ್ನು ಮಾತ್ರ ಅದೇ ಸಂಜೆ ಬಚ್ಚಲ ನೀರು ಹರಿಯುವ ಕಡೆ ಊರಿದ.

ಹೆಂಡತಿ, "ಎಲೆ ಇದೆಯಲ್ಲ, ಕುದಿಸಲೇ?" ಎಂದಳು.

"ಅದು ಬಾಡಿದ ಎಲೆ. ನಮ್ಮ ಗಿಡ ಬರಲಿ, ತಾಜಾ ಎಲೆಯಲ್ಲಿ ಸತ್ವ ಹೆಚ್ಚು" ಎಂದ ರೈತ.

ಸತ್ವದ ಮಾತನ್ನು ಅವನಿಗೆ ಮುದುಕಿ ಹೇಳಿರಲಿಲ್ಲ. ಅವನೇ ಹುಟ್ಟಿಸಿಕೊಂಡಿದ್ದ.

ಕಡ್ಡಿಗಳು ಚಿಗುರಿದವು. ಹೆಂಡತಿ ಎಲೆ ಕೀಳಲು ಹೋದಳು. "ಎಳೆಯವು, ಗಿಡ ನೊಂದುಕೊಳ್ಳುತ್ತದೆ" ಎಂದು ತಡೆದ. ಗಿಡ ಮೊಣಕಾಲೆತ್ತರ ಬಂತು. "ಇನ್ನೂ ಬೇರು ಗಟ್ಟಿಯಾಗಿಲ್ಲ" ಎಂದ. ಸೊಂಟದೆತ್ತರ ಬಂತು. "ಹೂ ಬಿಟ್ಟ ಮೇಲೆಯೇ ಎಲೆಗೆ ಗುಣ ಇಳಿಯುವುದು" ಎಂದ. ಹೀಗೆ ಹೇಳುವಾಗಲೆಲ್ಲ ನಡುನಡುವೆ ಕೆಮ್ಮುತ್ತಿದ್ದ. ಬೇಸಿಗೆಯಲ್ಲಿ ಕೆಮ್ಮು ಸ್ವಲ್ಪ ತಗ್ಗಿತು. ಆಗ, "ನೋಡಿದೆಯಾ, ಅವಸರವೇನೂ ಇರಲಿಲ್ಲ" ಎಂದ. ಮುಂದಿನ ಮಳೆಗೆ ಅದು ಇಮ್ಮಡಿಯಾಗಿ ಬಂತು.

ಅಷ್ಟರಲ್ಲಿ ಅವನಿಗೆ ಆ ಗಿಡದ ಮೇಲೆ ನಿಜವಾದ ಪ್ರೀತಿ ಹುಟ್ಟಿತ್ತು. ಬುಡಕ್ಕೆ ಹಟ್ಟಿಗೊಬ್ಬರ ಹಾಕಿದ. ಕಳೆ ಕಿತ್ತ. ಮುಳ್ಳು ತಂದು ಸುತ್ತಲೂ ಬೇಲಿ ಕಟ್ಟಿದ.

"ಆಡೂ ಬಾಯಿ ಹಾಕದ ಕಹಿ ಗಿಡ ಇದು. ಯಾರಿಂದ ಕಾಯುತ್ತಿದ್ದೀರಿ?" ಎಂದು ಹೆಂಡತಿ ಕೇಳಿದಳು.

ರೈತ ಬೇಲಿಗೆ ಇನ್ನೊಂದು ಮುಳ್ಳು ಸಿಕ್ಕಿಸಿದ. ಅವಳು ಮತ್ತೆ ಕೇಳಲಿಲ್ಲ. ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ಅವನು ಕೆಮ್ಮುವಾಗ ಬೆನ್ನು ನೀವುವುದನ್ನೂ ಬಿಟ್ಟಳು.

ಚಳಿಗಾಲದಲ್ಲಿ ಗಿಡ ಹೂ ಬಿಟ್ಟಿತು. ಬಿಳಿಯ ಹೂ, ಒಳಗೆ ನೇರಳೆ ಗೆರೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ರೈತ ಅವರನ್ನು ಕರೆದು ಗಿಡದ ಮಹಿಮೆ ವಿವರಿಸುತ್ತಿದ್ದ. ಎಲೆಯ ಗುಣ ಹೇಳುತ್ತಿದ್ದ, ಬೇರಿನ ಗುಣ ಹೇಳುತ್ತಿದ್ದ. "ಕೆಮ್ಮಿಗೆ ಇದಕ್ಕಿಂತ" ಎನ್ನುವಷ್ಟರಲ್ಲಿ ಕೆಮ್ಮು ನುಗ್ಗಿ ಬಂದು ಮಾತು ನಿಲ್ಲುತ್ತಿತ್ತು. ಕೇಳುವವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಒಮ್ಮೆ ಅವನು ಅದೇ ಮುದುಕಿಯ ಬಳಿಗೆ ಮತ್ತೆ ಹೋದ.

"ಅವ್ವಾ, ನಿಮ್ಮ ಔಷಧಿ ಹಿಡಿಯಲಿಲ್ಲ. ಕೆಮ್ಮು ಜಾಸ್ತಿಯಾಗಿದೆ" ಎಂದ.

"ಎಷ್ಟು ದಿನ ಕುಡಿದೆ?"

"ಕುಡಿದಿಲ್ಲ. ಆದರೆ ಗಿಡ ಬಹಳ ಚೆನ್ನಾಗಿ ಬಂದಿದೆ. ಇಡೀ ಊರಿನಲ್ಲಿ ಅಂಥ ಗಿಡವಿಲ್ಲ."

ಮುದುಕಿ ಎದ್ದು ನಿಂತಳು. "ಕೆಮ್ಮು ಬಂದದ್ದು ಗಿಡಕ್ಕೇನಪ್ಪಾ?" ಎಂದು ಕೇಳಿ, ಬಾಗಿಲು ಹಾಕಿಕೊಂಡಳು.

ರೈತ ಬೇಜಾರು ಮಾಡಿಕೊಂಡು ಮನೆಗೆ ಬಂದ. ಮುದುಕಿಗೆ ವಯಸ್ಸಾಗಿ ಸಿಡುಕು ಹೆಚ್ಚಾಗಿದೆ ಎಂದುಕೊಂಡ. ಆ ಸಂಜೆ ಗಿಡಕ್ಕೆ ಒಂದು ಕೊಡ ನೀರು ಹೆಚ್ಚಾಗಿಯೇ ಹಾಕಿದ.

ಇಲ್ಲಿಯವರೆಗೆ ನಷ್ಟ ಅವನೊಬ್ಬನದು. ಹೆಂಡತಿಯದನ್ನೂ ಸೇರಿಸಿದರೆ ಇಬ್ಬರದು. ಅಲ್ಲಿಗೇ ನಿಂತಿದ್ದರೆ ಈ ಕತೆಯನ್ನು ನಾನು ಹೇಳುತ್ತಿರಲಿಲ್ಲ.

ಅವರ ಪಕ್ಕದ ಮನೆ ಒಬ್ಬ ಕುಂಬಾರನದು. ಆ ಚಳಿಗಾಲ ಕುಂಬಾರನ ಹೆಂಡತಿಗೆ ಕೆಮ್ಮು ಬಂತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇರುಳು ಕಳೆಯುತ್ತಿದ್ದಳು. ಒಂದು ಬೆಳಿಗ್ಗೆ ಕುಂಬಾರ ಬೇಲಿಯ ಬಳಿ ಬಂದು ನಿಂತ. ರೈತನ ಹೆಂಡತಿ ಆಗ ಹೊಲದಲ್ಲಿದ್ದಳು.

"ಅಣ್ಣಾ, ಒಂದು ಹಿಡಿ ಸೊಪ್ಪು ಕೊಡು. ಅವಳ ಕೈಲಿ ಆಗುತ್ತಿಲ್ಲ" ಎಂದ.

"ಈಗ ಹೂವಿನ ಕಾಲ ತಮ್ಮಾ. ಈಗ ಎಲೆ ಕಿತ್ತರೆ ಹೂ ಉದುರುತ್ತದೆ. ಹೂ ಮುಗಿಯಲಿ, ನಾನೇ ಕೊಡುತ್ತೇನೆ" ಎಂದ ರೈತ.

ಕುಂಬಾರ ಗಿಡವನ್ನೊಮ್ಮೆ ನೋಡಿದ, ಅವನನ್ನೊಮ್ಮೆ ನೋಡಿದ. ತಿರುಗಿ ಹೋದ. ಅಂದು ಅವನು ಮಡಕೆ ಸುಡಲು ಆವಿಗೆಗೆ ಬೆಂಕಿ ಕೊಟ್ಟಿದ್ದ. ಬೆಂಕಿಯ ಹತ್ತಿರ ಇದ್ದು ನೋಡಿಕೊಳ್ಳಬೇಕು. ಅದನ್ನು ಹಾಗೆಯೇ ಬಿಟ್ಟು ಮುದುಕಿಯ ಹಳ್ಳಿಗೆ ನಡೆದ. ತಿರುಗಿ ಬರುವಾಗ ಕತ್ತಲಾಗಿತ್ತು. ಸೊಪ್ಪು ಸಿಕ್ಕಿತ್ತು. ಆವಿಗೆಯಲ್ಲಿದ್ದ ಮಡಕೆಗಳು ಬಿರಿದುಹೋಗಿದ್ದವು.

ಮರುದಿನ ರೈತನ ಹೆಂಡತಿ ನೀರಿಗೆ ಹೋದಾಗ ನೆರೆಯವರಿಂದ ಇದು ತಿಳಿಯಿತು. ಅವಳು ಕೊಡ ತುಂಬಲಿಲ್ಲ. ಖಾಲಿ ಕೊಡ ಹೊತ್ತು ನೇರ ಮನೆಗೆ ಬಂದಳು. ಕುಡುಗೋಲು ತೆಗೆದುಕೊಂಡಳು. ಬೇಲಿಯ ಮುಳ್ಳನ್ನು ಕಾಲಿನಿಂದ ಒದ್ದಳು. ಪಾದಕ್ಕೆ ಮುಳ್ಳು ಚುಚ್ಚಿ ರಕ್ತ ಬಂತು. ಅವಳು ನಿಲ್ಲಲಿಲ್ಲ. ಹೂ, ಎಲೆ, ಕೊಂಬೆ ಎನ್ನದೆ ಗಿಡವನ್ನು ಮೊಣಕಾಲಿನ ಮಟ್ಟಕ್ಕೆ ಕೊಯ್ದು ಹಾಕಿದಳು. ಅರ್ಧ ಸೊಪ್ಪನ್ನು ಕುಂಬಾರನ ಮನೆಯ ಜಗುಲಿಯ ಮೇಲೆ ಇಟ್ಟು ಬಂದಳು. ಉಳಿದದ್ದರಲ್ಲಿ ಒಂದು ಹಿಡಿಯನ್ನು ಒಲೆಯ ಮೇಲೆ ಕುದಿಯಲಿಟ್ಟಳು.

ರೈತ ಹೊಲದಿಂದ ಬಂದು ನೋಡಿದ. ಗಿಡವಿದ್ದ ಕಡೆ ಮೊಂಡು ಕಡ್ಡಿಗಳು ನಿಂತಿದ್ದವು. ನೆಲದ ತುಂಬ ಬಿಳಿ ಹೂ ಬಿದ್ದಿತ್ತು. ಅವನು ಅಲ್ಲೇ ಕುಸಿದು ಕೂತ.

"ನನ್ನ ಗಿಡವನ್ನು ಕೊಂದೆಯಲ್ಲೇ!" ಎಂದು ಕೂಗಿದ. ಕೂಗಿದ ರಭಸಕ್ಕೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ.

ಹೆಂಡತಿ ಬಟ್ಟಲು ತಂದು ಅವನೆದುರು ಕುಕ್ಕಿದಳು.

"ಎರಡು ಮಳೆಗಾಲ ಕಳೆದರೂ ಗಿಡಕ್ಕೆ ನೀರು ಹೊರುತ್ತಲೇ ಇದ್ದೀರಿ. ಅದರ ಒಂದು ಗುಟುಕು ನಿಮ್ಮ ಗಂಟಲಿಗೆ ಇಳಿಯಲಿಲ್ಲ. ಸಾಯುವವಳು ಪಕ್ಕದಲ್ಲಿ ಕೂತಿದ್ದರೆ ಹೂ ಉದುರುತ್ತದೆ ಅಂದಿರಿ. ಇದನ್ನು ಈಗ ಕುಡಿಯದಿದ್ದರೆ ನಾಳೆ ಬೇರನ್ನೂ ಅಗೆದು ಹಾಕುತ್ತೇನೆ."

ಅವಳ ಪಾದದಿಂದ ಇನ್ನೂ ರಕ್ತ ಜಿನುಗುತ್ತಿತ್ತು. ರೈತ ಅದನ್ನು ನೋಡಿದ. ಬಟ್ಟಲು ಎತ್ತಿ ಕುಡಿದ. ಅವನ ಮುಖವೆಲ್ಲ ಕಿವುಚಿಹೋಯಿತು. ಅವಳು ಜೇನು ಬೆರೆಸಿರಲಿಲ್ಲ.

ಮರುದಿನವೂ ಕುಡಿದ. ಕೊಯ್ದ ಸೊಪ್ಪು ಹಾಳಾಗುತ್ತದೆ ಎಂಬ ಸಂಕಟಕ್ಕೆ ಕುಡಿದ. ಮೂರ್ನಾಲ್ಕು ದಿನ ಹೆಂಡತಿಯೊಡನೆ ಮಾತನಾಡಲಿಲ್ಲ, ಆದರೆ ಕುಡಿಯುವುದನ್ನು ಬಿಡಲಿಲ್ಲ. ಕಫ ಸಡಿಲವಾಯಿತು. ಆಮೇಲೆ ಒಂದು ರಾತ್ರಿ ನಡುವೆ ಏಳದೆ ಮಲಗಿದ. ಬೆಳಗಿನ ಬಿಸಿಲು ಮುಖಕ್ಕೆ ಬಿದ್ದಾಗಲೇ ಎಚ್ಚರವಾಯಿತು. ಎದ್ದು ಹೊರಗೆ ಬಂದಾಗ ಹೆಂಡತಿ ಅಂಗಳ ಗುಡಿಸುತ್ತಿದ್ದಳು. ಕೆಮ್ಮು ಕೇಳದೆ ಅವಳಿಗೂ ಅಂದು ಚೆನ್ನಾಗಿ ನಿದ್ದೆ ಬಂದಿತ್ತು. ಅವನಿಗೆ ತುಂಬ ನಾಚಿಕೆಯಾಯಿತು.

ಬಿಸಿಲು ಏರುವ ಹೊತ್ತಿಗೆ ಅವನು ಕುಂಬಾರನ ಮನೆಗೆ ಹೋದ. ಹೋಗುವುದು ಸುಲಭವಾಗಿರಲಿಲ್ಲ. ಅಂಗಳದ ತುದಿಯವರೆಗೆ ಹೋಗಿ ಒಮ್ಮೆ ತಿರುಗಿ ಬಂದ. ಮತ್ತೆ ಹೋದ. ಕುಂಬಾರ ತಿಗರಿಯ ಚಕ್ರದ ಮುಂದೆ ಕೂತು ಗಡಿಗೆ ಮಾಡುತ್ತಿದ್ದ. ತಲೆ ಎತ್ತಲಿಲ್ಲ. ಒಳಗೆ ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ವಾಸಿಯಾಗುತ್ತಾ ಬಂದಿತ್ತು, ಆದರೆ ಮೈ ಬಹಳ ಇಳಿದಿತ್ತು.

"ತಪ್ಪು ನನ್ನದು ತಮ್ಮಾ. ನಿನ್ನ ಮಡಕೆ ಬಿರಿದದ್ದೂ ನನ್ನಿಂದಲೇ. ಮುಂದಿನ ಆವಿಗೆಗೆ ಸೌದೆ ನಾನು ಹೊರುತ್ತೇನೆ" ಎಂದ ರೈತ.

ತಿಗರಿ ತಿರುಗುತ್ತಲೇ ಇತ್ತು. ರೈತ ಬಿಸಿಲಿನಲ್ಲಿ ನಿಂತೇ ಇದ್ದ. ಗಡಿಗೆಯ ಬಾಯಿ ಮುಗಿಯಿತು. ಆಗ ಕುಂಬಾರ ತಿಗರಿ ನಿಲ್ಲಿಸಿ, ಕೈಯ ಮಣ್ಣು ತೊಳೆದುಕೊಂಡು, "ನೆರಳಿಗೆ ಬಾ" ಎಂದ.

ಗಿಡ ಸತ್ತಿರಲಿಲ್ಲ. ಮೊಂಡು ಕಡ್ಡಿಗಳಿಂದ ಒಂದರ ಪಕ್ಕ ಒಂದರಂತೆ ಚಿಗುರು ಒಡೆದವು. ಕೊಯ್ದಷ್ಟೂ ಪೊದೆಯಾಗುವ ಜಾತಿ ಅದು. ಹಿಂದೆ ಉದ್ದಕ್ಕೆ ಬೆಳೆದು ಬುಡ ಬೋಳಾಗಿತ್ತು, ಈಗ ಬುಡದಿಂದಲೇ ದಟ್ಟವಾಯಿತು. ಯಾರಾದರೂ ಕೆಮ್ಮುವುದು ಕಿವಿಗೆ ಬಿದ್ದರೆ ರೈತ ಕುಡುಗೋಲು ತೆಗೆದುಕೊಂಡು ಏಳುತ್ತಿದ್ದ. ಗಿಡದ ಮಹಿಮೆ ಹೇಳುವುದನ್ನು ನಿಲ್ಲಿಸಿದ.

ಗುರುಗಳು ಕತೆ ಮುಗಿಸಿದರು. ಕತೆಯುದ್ದಕ್ಕೂ ರುದ್ರಮುನಿ ತುಟಿ ಅಲುಗಿಸುತ್ತಿದ್ದುದನ್ನು ಅವರು ಗಮನಿಸಿದ್ದರು.

ರುದ್ರಮುನಿ ಕೈಮುಗಿದ. ಅವನ ಮುಖ ಅರಳಿತ್ತು. "ಎಂಥ ದೃಷ್ಟಾಂತ ಗುರುಗಳೇ! ಒಂದು ಮಾತೂ ಮರೆಯದ ಹಾಗೆ ಕಲಿತುಕೊಂಡಿದ್ದೇನೆ. ಬೇಕಾದರೆ ಈಗಲೇ ಒಪ್ಪಿಸುತ್ತೇನೆ" ಎಂದ.

ಗುರುಗಳು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ಅವನು ಒಪ್ಪಿಸಲು ಸಿದ್ಧನಾಗಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

"ಕತೆ ಮರೆತುಹೋದರೂ ಚಿಂತೆಯಿಲ್ಲ ರುದ್ರಮುನಿ, ಅಡಿವೆಯ್ಯ ಬಾವಿಯ ಹತ್ತಿರ ಇದ್ದಾನೆ, ಹೋಗಿ ಮಾತನಾಡಿಸು."

ರುದ್ರಮುನಿ ಬಾಯಿ ತೆರೆದ. ಅವನಿಗೆ ಬಾಯಿಪಾಠವಿದ್ದ ಯಾವ ಮಾತೂ ಬರಲಿಲ್ಲ.