ಊರೆಲ್ಲ ಸೇರಿ ತಿಂದ ಭರಮಪ್ಪನ ರಟ್ಟೆ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಯಾರೂ ಲೆಕ್ಕ ಇಟ್ಟಿಲ್ಲ, ಬಿಳಿಮರಡಿ ಅಂತ ಒಂದೂರಿತ್ತು. ಆ ಊರಲ್ಲಿ ನೂರಾಹತ್ತು ಮನೆ, ಒಬ್ಬ ಗೌಡ, ಮತ್ತೆ ಒಂದು ಕೈ. ಉಳಿದವರಿಗೂ ಕೈಗಳಿದ್ದವು, ಉಣ್ಣಲಿಕ್ಕೆ ಮತ್ತು ಬೇಡಲಿಕ್ಕೆ. ಆದರೆ ಕೈ ಅಂದರೆ ಊರವರ ಬಾಯಲ್ಲಿ ಭರಮಪ್ಪನ ಬಲಗೈ ಒಂದೇ.

ಭರಮಪ್ಪ ಹಕ್ಕಿ ಕಾಯುವವನು. ಜೋಳದ ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲು ಮುಗಿಯುವವರೆಗೆ ಹೊಲದ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುತ್ತಿದ್ದ. ಅವನ ಹೊಲ ಇದ್ದದ್ದು ಅಂಗೈಯಗಲ. ಊರವರ ಹೊಲ ಕಾದರೆ ಕೊಡುತ್ತಿದ್ದ ಜೋಳದಲ್ಲೇ ಅವನ ಮನೆಯ ವರ್ಷದ ರೊಟ್ಟಿ. ಅವನು ಬೀಸಿದ ಕಲ್ಲು ಹಕ್ಕಿಗೆ ತಾಗುತ್ತಲೇ ಇರಲಿಲ್ಲವಂತೆ, ಹಕ್ಕಿಯ ಪಕ್ಕದ ಗಾಳಿಗೆ ತಾಗಿ ಅದನ್ನು ಓಡಿಸುತ್ತಿತ್ತಂತೆ. ಅವನು ಬೆಳಗ್ಗೆ ಎಸೆದ ಹಸಿರು ನಿಂಬೆಕಾಯಿ ಮಧ್ಯಾಹ್ನ ನೆಲಕ್ಕೆ ಬೀಳುವಷ್ಟರಲ್ಲಿ ಹಣ್ಣಾಗಿರುತ್ತಿತ್ತಂತೆ. ಹಾಗಂತಾರೆ. ಅನ್ನಲಿ, ಅನ್ನುವುದಕ್ಕೆ ರಟ್ಟೆ ಬೇಕಾಗುವುದಿಲ್ಲ.

ಬಿಳಿಮರಡಿಯ ಪಕ್ಕದಲ್ಲಿ ಒಂದು ದೊಡ್ಡ ಹುಲ್ಲುಗಾವಲು ಇತ್ತು. ಸುತ್ತಲಿನ ನಾಲ್ಕೂರಿಗೂ ಅದರ ಮೇಲೆ ಕಣ್ಣು. ಬಡಿದಾಡಿ ಸಾಯುವುದು ಬೇಡ ಅಂತ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಶ್ರಾವಣದ ಸೋಮವಾರಗಳಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ. ಊರಿಗೆ ಮೂವರು, ಒಬ್ಬೊಬ್ಬರಿಗೆ ಮೂರು ಎಸೆತ. ಒಂದು ಹಣ್ಣು ಬಿದ್ದ ಜಾಗದಿಂದ ಮುಂದಿನದನ್ನು ಎಸೆಯಬೇಕು. ಒಂಬತ್ತನೆಯ ಹಣ್ಣು ಯಾರದು ಮುಂದೆ ಬೀಳುತ್ತದೋ ಅವರು ಗೆದ್ದಂತೆ. ಮೊದಲ ಸೋಮವಾರಗಳಲ್ಲಿ ಗೆದ್ದ ಎರಡು ಊರುಗಳು ಕೊನೆಯ ಸೋಮವಾರ ಎದುರುಬದುರು. ಅಂದು ಗೆದ್ದ ಊರಿನ ದನ ವರ್ಷವಿಡೀ ಆ ಹುಲ್ಲು ಮೇಯಬೇಕು, ಸೋತವರ ದನ ಬೇಲಿ ಆಚೆ ನಿಂತು ನೋಡಬೇಕು.

ಬಿಳಿಮರಡಿಯಿಂದ ಎಸೆಯುತ್ತಿದ್ದವರು ಮೂವರು. ಗಾಣದ ಮುದಕಪ್ಪ, ಹತ್ತಿ ಹಿಂಜುವ ಇಮಾಮಸಾಬ, ಕೊನೆಗೆ ಭರಮಪ್ಪ. ಮೊದಲಿನ ಇಬ್ಬರೂ ಕಚ್ಚೆ ಕಟ್ಟಿ ಎಸೆಯುವವರೇ. ಆದರೆ ಅವರ ಹೆಸರು ಹೇಳುವವರು ಅಂದೂ ಇರಲಿಲ್ಲ, ಇಂದೂ ಇಲ್ಲ. ಆ ವರ್ಷ ಮೊದಲ ಪಂದ್ಯ ಗೆದ್ದರು. ಕೊನೆಯ ಸೋಮವಾರ ಹೊಸಗುಡ್ಡದವರ ಎದುರು ನಿಲ್ಲುವುದೊಂದು ಬಾಕಿ. ಹುಲ್ಲು ನಮ್ಮದೇ ಅಂತ ಊರು ಕುಣಿಯಿತು.

ಕುಣಿದು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಗೌಡರ ಮೊಮ್ಮಗು ಎರಡು ದಿನದಿಂದ ಅಳುತ್ತಿತ್ತಂತೆ, ದೃಷ್ಟಿಯಾಗಿದೆ ಅಂದರಂತೆ. ಗೆದ್ದ ಕೈಯಿಂದ ಮನೆಯ ಮಾಳಿಗೆ ದಾಟಿಸಿ ಒಂದು ನಿಂಬೆಹಣ್ಣು ಎಸೆಸಿದರೆ ದೃಷ್ಟಿ ಹೋಗುತ್ತದೆ ಅಂತ ಯಾರೋ ಬುದ್ಧಿವಂತರು ಹೇಳಿದರಂತೆ. ಭರಮಪ್ಪ ಹೋದ, ಎಸೆದ. ಮಗು ಮಲಗಿತು. ಎರಡು ದಿನ ಅತ್ತ ಮಗು ಸುಸ್ತಾಗಿ ಮಲಗದೆ ಮತ್ತೇನು ಮಾಡುತ್ತದೆ? ಮಕ್ಕಳನ್ನು ಸಾಕಿದ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಕೇಳಿದವರಿಲ್ಲ.

ಮರುದಿನ ಆಚೆಮನೆಯವರು ಬಂದರು. ಗೌಡರ ಮನೆ ಮಾತ್ರ ಮನೆ, ನಮ್ಮದು ಹಂದಿಗೂಡೋ ಅಂದರು. ಅವರಿಗೊಂದು ಎಸೆದ. ಅದನ್ನು ನೋಡಿ ಈಚೆಮನೆಯವರು. ಎಮ್ಮೆ ಹಾಲು ಕೊಡುತ್ತಿಲ್ಲ ಅಂತ ಒಬ್ಬರು, ಅತ್ತೆಗೆ ಕೆಮ್ಮು ಅಂತ ಒಬ್ಬರು, ಏನೂ ಆಗಿಲ್ಲ, ಆದರೆ ಮುಂದೆ ಆಗಬಾರದು ಅಂತ ಒಬ್ಬರು. ಹಣ್ಣು ಮಾಳಿಗೆಯ ಮೇಲೇ ಬಿತ್ತು ಅಂತ ಒಂದು ಮನೆಯವರು ಮತ್ತೆ ಎಸೆಸಿದರು. ಪಕ್ಕದವರದು ನಮ್ಮದಕ್ಕಿಂತ ಎತ್ತರ ಹೋಯಿತು ಅಂತ ಇನ್ನೊಬ್ಬರು ಜಗಳ ತೆಗೆದು ಎರಡು ಎಸೆಸಿದರು. ಎಸೆದವನಿಗೆ ಮನೆಗೊಂದು ಬೆಲ್ಲದ ಉಂಡಿ ಕೊಟ್ಟರು. ಭರಮಪ್ಪನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅದನ್ನು ಅವನ ದೊಡ್ಡ ಗುಣ ಅಂತ ಹೊಗಳುತ್ತಾರೆ. ಹೊಗಳದೆ ಏನು, ಅದರಿಂದ ಲಾಭ ಆದದ್ದು ಅವರಿಗೇ ತಾನೆ.

ನಾಲ್ಕು ದಿನದಲ್ಲಿ ನೂರಾಹತ್ತು ಮನೆ ಮುಗಿಯಿತು. ಕೊನೆಯ ಮನೆಯ ಅಂಗಳದಲ್ಲಿ ಭುಜದೊಳಗೆ ಹಸಿ ಜೋಳದ ದಂಟು ಮುರಿದಂಥ ಸದ್ದು ಬಂತಂತೆ. ಅವನು ಅಲ್ಲೇ ಕುಕ್ಕರಿಸಿದ. ಆ ಮನೆಯವರು ಓಡಿ ಬಂದು ಕೇಳಿದ್ದು, ಹಣ್ಣು ಮಾಳಿಗೆ ದಾಟಿತೋ ಇಲ್ಲವೋ ಅಂತ.

ಅವನ ಹೆಂಡತಿ ಕೆಂಚವ್ವ ಎಲುಬು ಕೂಡಿಸುವ ಮುದುಕಿ ಅಡಿವೆವ್ವನನ್ನು ಕರೆತಂದಳು. ಮುದುಕಿ ಭುಜದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳಂತೆ.

"ಮೂರು ತಿಂಗಳು ಈ ಕೈಲೆ ನೊಣಾ ಸೈತ ಹೊಡೀಬ್ಯಾಡ ತಮ್ಮಾ," ಅಂದಳು. "ಸುಮ್ಮನಿದ್ದಿ ಅಂದ್ರ ಜ್ವಾಳ ಬರೂದ್ರಾಗ ಕವಣಿ ಹಿಡೀತಿ. ಈಗ ಒಗದಿ ಅಂದ್ರ ಇದು ಮತ್ತ ಹೆಗಲ ಮ್ಯಾಲೆ ಏಳೂದಿಲ್ಲ."

ಮುದುಕಿ ಎಷ್ಟು ಬಿಡಿಸಿ ಹೇಳಿದ್ದಳು ನೋಡಿ. ಕೂಸಿಗೂ ತಿಳಿಯುವ ಮಾತು. ಸೋಮವಾರಕ್ಕೆ ಇನ್ನು ಎರಡು ದಿನ ಇತ್ತು.

ಊರು ಚಾವಡಿಯಲ್ಲಿ ಸೇರಿತು. ಭರಮಪ್ಪನ ಭುಜದ ಬಗ್ಗೆ ಮಾತಾಡಲು ಸೇರಿದ್ದಲ್ಲ, ಹುಲ್ಲಿನ ಬಗ್ಗೆ. ಇಮಾಮಸಾಬ ಎದ್ದು ನಿಂತು, ಒಬ್ಬರ ಪಾಲಿನದನ್ನು ಇನ್ನೊಬ್ಬರು ಎಸೆಯಲು ಕಟ್ಟಳೆಯಲ್ಲಿ ಅಡ್ಡಿಯಿಲ್ಲ, ಅವನ ಮೂರನ್ನೂ ನಾನೇ ಎಸೆಯುತ್ತೇನೆ ಅಂದ. ಮುದಕಪ್ಪ ಹೂಂ ಅಂದ. ಗೌಡ ಒಪ್ಪಲಿಲ್ಲ. ಭರಮಪ್ಪ ಕಣದಲ್ಲಿ ಕಾಣದಿದ್ದರೆ ಹೊಸಗುಡ್ಡದವರಿಗೆ ಧೈರ್ಯ ಬರುತ್ತದೆ ಅಂದ. ಮೂರೇ ಎಸೆತ ಅಂದ. ಪೂಜಾರಿ ಆ ಕೈಗೆ ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಇದು ದೇವರ ಕೈ, ಇದಕ್ಕೆ ನೋವಿಲ್ಲ ಅಂದ. ಆ ಕೈ ಇದ್ದವನು ಪಕ್ಕದಲ್ಲೇ ಹಲ್ಲು ಕಚ್ಚಿ ಕೂತಿದ್ದ, ಅವನನ್ನು ಯಾರೂ ಕೇಳಲಿಲ್ಲ. ಕೆಂಚವ್ವ ಗಂಡನಿಗೆ ಮನೆಯಲ್ಲಿ ಹೇಳಿದಳಂತೆ, ಬೇಡ ಅನ್ನು, ಒಂದೇ ಸಲ ಅನ್ನು ಅಂತ. ಊರ ದನ ಉಪವಾಸ ಬೀಳುತ್ತವಲ್ಲೇ ಅಂದನಂತೆ ಅವನು. ನಮ್ಮ ಗತಿ ಅಂತ ಕೇಳಿದ್ದಕ್ಕೆ ಗೋಡೆಯ ಕಡೆ ಹೊರಳಿ ಮಲಗಿದನಂತೆ.

ಸೋಮವಾರ ಬಂತು. ಹುಲ್ಲುಗಾವಲಿನ ಎರಡೂ ಬದಿ ಜನ. ಮುದಕಪ್ಪ ಮೂರು ಎಸೆದ, ಇಮಾಮಸಾಬ ಮೂರು ಎಸೆದ. ಹುಟ್ಟಿದಾಗಿನಿಂದ ಅವರು ಹಾಗೆ ಎಸೆದಿರಲಿಲ್ಲವಂತೆ. ಆರನೆಯ ಹಣ್ಣು ಬಿದ್ದಾಗ ಬಿಳಿಮರಡಿ ಹೊಸಗುಡ್ಡಕ್ಕಿಂತ ಮೂವತ್ತು ಮಾರು ಮುಂದಿತ್ತು. ಇನ್ನುಳಿದ ಮೂರನ್ನು ಇಮಾಮಸಾಬನ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಹುಲ್ಲು ಅಲ್ಲೇ, ಕಣ್ಣೆದುರಿಗೇ, ಅವರ ಕಾಲ ಬುಡದಲ್ಲಿತ್ತು.

ಆದರೆ ಊರಿಗೆ ದೇವರ ಕೈ ಬೇಕಾಗಿತ್ತು. ಭರಮಪ್ಪಾ, ಭರಮಪ್ಪಾ ಅಂತ ಕೂಗಿದರು. ಅವನು ಬಂದ, ಎಸೆದ. ಮೊದಲನೆಯದು ಅವನು ದಿನಾ ಎಸೆಯುವುದರ ಅರ್ಧ ದೂರ ಹೋಗಿ ಬಿತ್ತು. ಎರಡನೆಯದು ಎಸೆಯುವಾಗ ಸದ್ದು ಮತ್ತೆ ಬಂತು, ಈ ಸಲ ಬೇಲಿ ಆಚೆಯವರಿಗೂ ಕೇಳಿಸಿತಂತೆ. ಹಣ್ಣು ಹತ್ತು ಹೆಜ್ಜೆ ಹೋಯಿತು. ಇಮಾಮಸಾಬ ಓಡಿಬಂದು ಕೊನೆಯದನ್ನು ತಾನು ಎಸೆಯುತ್ತೇನೆ ಅಂತ ಕೈ ಚಾಚಿದ. ಗೌಡ ದೂರದಿಂದಲೇ ಬೇಡ ಅಂತ ಕೋಲು ಅಲ್ಲಾಡಿಸಿದ. ಮೂರನೆಯ ಹಣ್ಣು ಭರಮಪ್ಪನ ಪಾದದ ಮೇಲೆ ಬಿತ್ತು. ಬಿಳಿಮರಡಿ ನಾಲ್ಕು ಮಾರು ಹಿಂದೆ ಉಳಿಯಿತು. ನಾಲ್ಕೇ ಮಾರು. ಹುಲ್ಲು ಹೋಯಿತು.

ಆಮೇಲೆ ಶುರುವಾಯಿತು ನೋಡಿ. ಉಂಡಿ ತಿಂದು ತಿಂದು ಕೊಬ್ಬಿದ ಅಂದರು. ಹೊಸಗುಡ್ಡದವರು ಅವನಿಗೆ ಏನೋ ಕೊಟ್ಟಿರಬೇಕು ಅಂದರು. ಹೆಂಡತಿಯ ನಾಲಿಗೆ ಉದ್ದ, ಅವಳ ಮಾತೇ ತಾಗಿತು ಅಂದರು. ಮೊನ್ನೆ ತಾನೆ ಆರತಿ ಎತ್ತಿದ ಪೂಜಾರಿ, ಅಹಂಕಾರ ಬಂದಿತ್ತು, ದೇವರು ಕೈ ಬಿಟ್ಟ ಅಂದ. ಚಾವಡಿಗೆ ಕರೆಸಿ ತಪ್ಪು ಒಪ್ಪಿಕೋ ಅಂದರು. ಭರಮಪ್ಪ ಒಪ್ಪಿಕೊಳ್ಳಲೂ ಬಾಯಿ ತೆರೆದಿದ್ದನಂತೆ. ಕೆಂಚವ್ವ ನಡುವೆ ಬಂದು ನಿಂತಳು. ಕಂಕುಳಲ್ಲಿ ಕೂಸಿತ್ತು. ದನಿ ಏರಿಸಲಿಲ್ಲವಂತೆ.

"ಮೊದಲನೇ ಮನಿಯವ್ರಿಗೆ ಗೊತ್ತಿರಲಿಲ್ಲ, ಬಿಡ್ರಿ," ಅಂದಳು. "ಐವತ್ತನೇ ಮನಿಯವ್ರಿಗೆ? ನೂರನೇ ಮನಿಯವ್ರಿಗೆ? ಅಂವ ಎಡಗೈಲೆ ರಟ್ಟಿ ಹಿಡಕೊಂಡು ನಿಮ್ಮ ನಿಮ್ಮ ಅಂಗಳದಾಗ ನಿಂತಿದ್ದ. ಕಂಡವ್ರು ಒಬ್ಬರರ ಸಾಕು, ಮನಿಗೆ ಹೋಗಪಾ ಅಂದ್ರೇನು? ಅಂದವ್ರು ಇದ್ರ ಮುಂದ ಬರ್ರಿ. ಅವರ ಮುಂದ ತಪ್ಪು ಒಪ್ಪಿಕೋತಾನ."

ಯಾರೂ ಮುಂದೆ ಬರಲಿಲ್ಲ. ಗೌಡ ಕೆಮ್ಮಿದ. ಅವಳು ಗಂಡನ ಎಡಗೈ ಹಿಡಿದು ಕರೆದುಕೊಂಡು ಹೋದಳು.

ಆ ಬಲಗೈ ಮತ್ತೆ ಹೆಗಲ ಮೇಲೆ ಏಳಲಿಲ್ಲ. ತಲೆಗೆ ರುಮಾಲು ಸುತ್ತಿಕೊಳ್ಳಲೂ ಆಗಲಿಲ್ಲ, ಕೆಂಚವ್ವ ಸುತ್ತುತ್ತಿದ್ದಳು. ಜೋಳ ಹಾಲುಗಟ್ಟಿದಾಗ ಅವಳೇ ಅಟ್ಟಣಿಗೆ ಹತ್ತಿದಳು. ಕವಣೆ ಕಲಿತಳು. ಅವನು ಕೆಳಗೆ ಕೂತು ಎಡಗೈಯಿಂದ ಕಲ್ಲು ಆರಿಸಿ ಕೊಡುತ್ತಿದ್ದ. ಹಾಗೆಯೇ ಬಾಳಿದರು, ಹಾಗೆಯೇ ಮುದುಕರಾದರು, ಹೋದರು.

ಹೋದ ಮೇಲೆ ಊರಿಗೆ ಭಕ್ತಿ ಬಂತು. ಭರಮಪ್ಪ ತನ್ನ ಕೈಯನ್ನು ಊರಿಗಾಗಿ ದೇವರಿಗೆ ಅರ್ಪಿಸಿದ ಅಂತ ಹಾಡು ಕಟ್ಟಿದರು. ಹುಲ್ಲುಗಾವಲಿನ ಅಂಚಿಗೆ ಒಂದು ಕಲ್ಲು ನಿಲ್ಲಿಸಿದರು. ಕೆತ್ತುವವನಿಗೆ ಹೇಳಿ ಬಲಗೈ ಮೇಲೆತ್ತಿ ಎಸೆಯುವ ಹಾಗೆ ಕೆತ್ತಿಸಿದರು. ಯಾವ ಕೈ ಏಳಲಿಲ್ಲವೋ ಅದನ್ನೇ. ಈಗಲೂ ಹೋಗುತ್ತಾರೆ, ನಿಂಬೆಹಣ್ಣಿನ ಹಾರ ಹಾಕುತ್ತಾರೆ, ಎಮ್ಮೆಗೆ ಹಾಲು ಬರಲಿ, ಅತ್ತೆಯ ಕೆಮ್ಮು ಹೋಗಲಿ ಅಂತ ಬೇಡುತ್ತಾರೆ. ಸತ್ತು ಇಷ್ಟು ಕಾಲ ಆದರೂ ಆ ಕೈಗೆ ಬಿಡುವು ಕೊಟ್ಟಿಲ್ಲ.

ಆದರೆ ಆ ಊರಿನ ಹೆಂಗಸರದು ಬೇರೆಯೇ ಪದ್ಧತಿ. ಶ್ರಾವಣದ ಕೊನೆಯ ಸೋಮವಾರ, ಗಂಡಸರು ಬೇಡಿ ಮುಗಿಸಿ ಮನೆಗೆ ಹೋದ ಮೇಲೆ, ಅವರು ಆ ಕಲ್ಲಿನ ಹತ್ತಿರ ಹೋಗುತ್ತಾರೆ. ಹಣ್ಣು ಕಾಯಿ ಒಯ್ಯುವುದಿಲ್ಲ. ಕೈ ಮುಗಿಯುವುದೂ ಇಲ್ಲ. ಒಬ್ಬೊಬ್ಬರಾಗಿ ಮುಂದೆ ಬಂದು, ಆ ಎತ್ತಿದ ಕಲ್ಲಿನ ಕೈಯನ್ನು ಮುಟ್ಟಿ, "ಸಾಕು, ಕೈ ಇಳಸೋ ಯಪ್ಪಾ," ಅನ್ನುತ್ತಾರೆ. ಮತ್ತೇನೂ ಕೇಳದೆ ಮನೆಗೆ ಬರುತ್ತಾರೆ.