ತವರುಬಂಡೆ

೨೦೨೫ನೆಯ ಇಸವಿ, ಏಪ್ರಿಲ್ ಇಪ್ಪತ್ತೊಂದು, ಈಸ್ಟರ್ ಹಬ್ಬದ ಮರುದಿನ, ಬೆಳಗಿನ ಏಳು ಗಂಟೆ. ಕನಕಪುರದ ಕಡೆಯಿಂದ ದೇವಮಾತೆಪಾಳ್ಯಕ್ಕೆ ಬರುವವರಿಗೆ ಊರಿಗಿಂತ ಮೊದಲು ಎದುರಾಗುವುದು ಆನೆಯ ಬೆನ್ನಿನಂಥ ಒಂದು ಬಂಡೆ. ಅಲ್ಲಿಂದ ದೇವಾಲಯದ ಬಾಗಿಲಿಗೆ ನೂರ ಎಂಬತ್ತು ಹೆಜ್ಜೆ, ನಾನೇ ಎಣಿಸಿದ್ದೇನೆ. ಈ ಊರಿಗೆ ಸೊಸೆಯಾಗಿ ಬರುವವಳು ಆ ಬಂಡೆಯ ಮೇಲೆ ಕುಳಿತು ಮಡಿಲು ತುಂಬಿಸಿಕೊಂಡೇ ಒಳಗೆ ಕಾಲಿಡಬೇಕೆಂಬುದು ವಾಡಿಕೆ. ಅದರ ಹೆಸರು ತವರುಬಂಡೆ. ಹೆಸರು ಬಂದ ಬಗೆಯನ್ನು ಕೇಳಿದವರಿಗೆ ನಮ್ಮವರು ಎದೆಯುಬ್ಬಿಸಿ, ಹಿಂದೆ ಒಮ್ಮೆ ಅನಾಥೆಯೊಬ್ಬಳನ್ನು ಊರಿಗೆ ಊರೇ ಬಂದು ಮಗಳಂತೆ ಎದುರುಗೊಂಡಿತು ಎನ್ನುತ್ತಾರೆ. ಊರು ಬರಲಿಲ್ಲ. ಬಂದವಳು ಒಬ್ಬಳು.

ಧಾತು, ಈಶ್ವರ ಸಂವತ್ಸರಗಳ, ಅಂದರೆ ೧೮೭೬-೭೮ರ, ಬರಗಾಲದಲ್ಲಿ ದಾರಿಬದಿಯಲ್ಲಿ ಸಿಕ್ಕ ಮಕ್ಕಳನ್ನು ಕನ್ಯಾಸ್ತ್ರೀಯರು ಸಾಕಿದರು. ಅವರಲ್ಲೊಬ್ಬಳು ಅಗ್ನೇಸಮ್ಮ. ಬರ ಕಳೆದು ಹತ್ತು ವರ್ಷಗಳಾದ ಮೇಲೆ ಪಾಳ್ಯದ ಯಜಮಾನ ರಾಯಪ್ಪನ ಮಗ ಇನ್ನಾಸಪ್ಪನಿಗೆ ಅವಳು ನಿಶ್ಚಯವಾದಳು. ಪಾದ್ರಿ ಸ್ವಾಮಿಯವರ ಮಾತಿಗೆ ಎದುರಾಡಲಾರದೆ ರಾಯಪ್ಪ ಒಪ್ಪಿದ್ದ. ಆ ದಿನಗಳಲ್ಲಿ ಸ್ವಾಮಿಯವರು ತಿಂಗಳಿಗೊಮ್ಮೆ ಕುದುರೆಯೇರಿ ಬಂದು ಮಧ್ಯಾಹ್ನಕ್ಕೆ ಮುಂದಿನ ಊರಿಗೆ ಹೊರಡುತ್ತಿದ್ದರು. ಮದುವೆಯ ಬೆಳಿಗ್ಗೆ ಅನಾಥಾಲಯದ ಗಾಡಿ ಹುಡುಗಿಯನ್ನು ಬಂಡೆಯ ಬಳಿ ಇಳಿಸಿತು. ಆಗ ರಾಯಪ್ಪ ತನ್ನ ಮನಸ್ಸಿನಲ್ಲಿದ್ದುದನ್ನು ಹೊರಹಾಕಿದ: ತವರಿನವರು ಕೈಹಿಡಿದು ಒಪ್ಪಿಸದ ಹೆಣ್ಣನ್ನು ಒಳಗೆ ಕರೆದುಕೊಳ್ಳುವ ಪದ್ಧತಿ ಇಲ್ಲ. “ಯಾರ ಮಗಳು ಅಂತ ಕರ್ಕೊಳ್ಳೋದು ಸ್ವಾಮಿ? ಬರಗಾಲದ ಮಗಳು ಅಂತಲಾ?” ಸ್ವಾಮಿಯವರು ದೇವಾಲಯದೊಳಗಿನ ಜನರ ಕಡೆ ತಿರುಗಿ, ಇವಳ ತವರಾಗಿ ಯಾರಾದರೂ ಬನ್ನಿ ಎಂದು ಕೇಳಿದರು. ಯಾರೂ ಏಳಲಿಲ್ಲ. ಎದ್ದರೆ ಜಾತಿ ತಿಳಿಯದವಳ ಜೊತೆ ರಕ್ತಸಂಬಂಧ ಒಪ್ಪಿಕೊಂಡಂತೆ! ಪೂಜೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವವರಿಗೆ ಜಾತಿಯ ಭಯ! ಬಾಗಿಲು ತೆರೆದೇ ಇತ್ತು. ಬಿಸಿಲಿನಲ್ಲಿ ಕುಳಿತ ಹುಡುಗಿ ಎಲ್ಲರಿಗೂ ಕಾಣುತ್ತಿದ್ದಳು. ಅವಳನ್ನು ನೋಡುತ್ತಲೇ ಅವರು ಜಪಮಣಿ ಎಣಿಸಿದರು. ಹೀಗೆ ಎಣಿಸಿದವರಲ್ಲಿ ನನ್ನ ಅಜ್ಜಿಯ ಅಜ್ಜಿಯೂ ಒಬ್ಬಳು. ನಮ್ಮ ಮನೆಗೆ ಈ ಕಥೆ ಬಂದದ್ದು ಅವಳಿಂದಲೇ.

ಹೊತ್ತು ನೆತ್ತಿಗೇರುತ್ತಿತ್ತು. ಸ್ವಾಮಿಯವರು ಹೊರಟುಬಿಟ್ಟರೆ ಹುಡುಗಿ ಬಂದ ಗಾಡಿಯಲ್ಲೇ ಹಿಂದಿರುಗಬೇಕು. ಹಸೆಯಿಂದ ಮರಳಿದವಳನ್ನು ಮತ್ತೆ ಕೇಳುವವರಿರಲಿಲ್ಲ. ಅಷ್ಟರಲ್ಲಿ ಎಲೆಯಡಿಕೆಯ ಸುಣ್ಣ ಮಾರುವ ಜ್ಞಾನಮ್ಮ ಸುಣ್ಣ ಸುಡುವ ಗೂಡಿನ ಬೆಂಕಿಯನ್ನು ಅರ್ಧಕ್ಕೇ ಬಿಟ್ಟು ಬಂದಳು. ಮಕ್ಕಳಿಲ್ಲದ ವಿಧವೆ, ಕೈ ಮೊಣಕೈಯವರೆಗೂ ಬೆಳ್ಳಗೆ. ಸೆರಗಿನಲ್ಲಿ ಕಟ್ಟಿ ತಂದದ್ದು ಅಕ್ಕಿಯಲ್ಲ, ರಾಗಿ. ಮನೆಯಲ್ಲಿ ಇದ್ದದ್ದೇ ಅದು. ಅದನ್ನು ಹುಡುಗಿಯ ಮಡಿಲಿಗೆ ಸುರಿದು, ಕೈಹಿಡಿದು ನಡೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

“ಯಾರ ಮಗಳು ಅಂದ್ಯಲ್ಲ ರಾಯಪ್ಪ, ನನ್ನ ಮಗಳು. ಕರ್ಕೊ.”

“ನಿನಗೆಲ್ಲಿ ಬಂತು ಜ್ಞಾನಮ್ಮ ಮಗಳು?”

“ಇವತ್ತು ಹುಟ್ಟವ್ಳೆ ಕಣಪ್ಪ. ಬಾಣಂತೀನ ಹಿಂಗೆ ಬಿಸಿಲಲ್ಲಿ ನಿಲ್ಲಿಸ್ತಾರಾ?”

ಸ್ವಾಮಿಯವರು ನಕ್ಕುಬಿಟ್ಟರು ಎನ್ನುತ್ತಾರೆ. ರಾಯಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಮದುವೆ ನಡೆಯಿತು. ಆದರೆ ಜ್ಞಾನಮ್ಮನ ಹಿರಿಮೆ ಆ ಒಂದು ಮಾತಿನಲ್ಲಿ ಮುಗಿಯಲಿಲ್ಲ. ಅಗ್ನೇಸಮ್ಮನ ಮೂರು ಬಾಣಂತನಗಳೂ ಸುಣ್ಣದ ಗೂಡಿನ ಪಕ್ಕದ ಆ ಗುಡಿಸಲಿನಲ್ಲೇ ಆದವು. ಹಬ್ಬಕ್ಕೆ ಕರೆ ಹೋಯಿತು, ಜ್ವರ ಬಂದಾಗ ಗಂಜಿ ಹೋಯಿತು, ಗಂಡನ ಜೊತೆ ಮುನಿಸಾದಾಗ ಬಾಗಿಲು ತೆರೆಯಿತು. ತವರೆಂದರೆ ಇಷ್ಟೇ: ಬೇಕಾದಾಗ ಅಲ್ಲಿ ಒಬ್ಬರು ಇರುವುದು. ಜ್ಞಾನಮ್ಮ ತೀರಿದ ಮೇಲೆ ಅಗ್ನೇಸಮ್ಮ ತಾನು ಬದುಕಿರುವವರೆಗೂ ಪ್ರತಿಯೊಬ್ಬ ಮದುವಣಗಿತ್ತಿಯ ಮಡಿಲಿಗೆ ಆ ಬಂಡೆಯ ಮೇಲೆ ಒಂದು ಹಿಡಿ ರಾಗಿ ಹಾಕಿದಳು. ಹೆಸರು ಅಲ್ಲಿಂದ ನಿಂತಿತು.

ಇಂದು ಬಂದವರಿಗೆ ಬಂಡೆಯ ಇಳಿಜಾರಿನಲ್ಲಿ ಚೆಲ್ಲಿದ ರಾಗಿ ಕಾಣುತ್ತದೆ, ಅದನ್ನು ಹೆಕ್ಕುವ ಗುಬ್ಬಿಗಳು ಕಾಣುತ್ತವೆ, ಕುಳಿತವರ ಸೀರೆ ಸವೆಸಿದ ನುಣುಪು ಕಾಣುತ್ತದೆ. ಕಾಣದಿರುವುದನ್ನು ನಾನು ಹೇಳಬೇಕು. ಹೋದ ವರ್ಷ ಜಾರ್ಖಂಡಿನ ಸುಷ್ಮಾ ಕೆರ್ಕೆಟ್ಟಾ ಎಂಬ ಹುಡುಗಿ ಮದುವಣಗಿತ್ತಿಯಾಗಿ ಬಂದು ಇದೇ ಬಂಡೆಯ ಮೇಲೆ ಅರ್ಧ ಗಂಟೆ ಒಬ್ಬಳೇ ಕುಳಿತಿದ್ದಳು. ಅವಳ ಕಡೆಯವರಿಗೆ ರೈಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಫೋಟೊ ತೆಗೆಯುವವನು ಬಂದ. ರಾಗಿಯನ್ನು ಅವಳೇ ತನ್ನ ಮಡಿಲಿಗೆ ಹಾಕಿಕೊಳ್ಳುವಂತೆ ಮಾಡಿ, ಚಿತ್ರ ತೆಗೆದು, ಕರೆತಂದ. ನಾವೆಲ್ಲ ಒಳಗೆ ಒಳ್ಳೆಯ ಜಾಗ ಹಿಡಿದು ಕುಳಿತಿದ್ದೆವು. ನಾನು ಮುಂದಿನ ಸಾಲಿನಲ್ಲಿದ್ದೆ. ಬಾಗಿಲು ತೆರೆದೇ ಇತ್ತು.

ಸುಷ್ಮಾಳಿಗೆ ಈಗ ಏಳು ತಿಂಗಳು. ಅವಳ ಬಾಣಂತನ ನನ್ನ ಮನೆಯಲ್ಲಿ ಆಗುತ್ತದೆ. ನಿನ್ನೆ ಪೂಜೆ ಮುಗಿದ ಮೇಲೆ ಅವಳ ಅತ್ತೆಗೆ ಹೇಳಿ ಬಂದಿದ್ದೇನೆ.