ಬಣ್ಣ ಬದಲಾಗದ ಮಳೆನೀರು

“ಗುರುಗಳೇ, ಮಕ್ಕಳ ಎದುರಿಗೆ ತಾನು ಹೇಳಿದ್ದು ಸುಳ್ಳಾಗಿ ಕಂಡರೆ, ಕಲಿಸುವವನು ಏನು ಮಾಡಬೇಕು?” ಎಂದು ಶಿಷ್ಯನು ಕೇಳಿದನು. ಅವನು ಮರುವಾರ ಒಂದು ಶಾಲೆಗೆ ಉಪಾಧ್ಯಾಯನಾಗಿ ಹೋಗುವವನಿದ್ದನು.

ಗುರುಗಳು ಹೇಳಿದರು:

ಒಂದು ಊರಿನವರು ಸೊಪ್ಪು ಬೆಳೆದು ಪೇಟೆಯಲ್ಲಿ ಮಾರುತ್ತಿದ್ದರು. ಊರಿನ ಪಕ್ಕದಲ್ಲಿ ಒಬ್ಬ ವರ್ತಕನು ಕಬ್ಬಿಣ ಕರಗಿಸುವ ಕಾರ್ಖಾನೆ ಕಟ್ಟಿದನು. ಅಲ್ಲಿ ಸದಾ ಕಲ್ಲಿದ್ದಲು ಉರಿಯುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ, ಮಳೆ ಬಂದುಹೋದ ಮೇಲೆ ಎಲೆಗಳಲ್ಲಿ ಕಂದು ಚುಕ್ಕೆಗಳು ಕಾಣತೊಡಗಿದವು. ಪೇಟೆಯವರು ಅಂಥ ಸೊಪ್ಪನ್ನು ಮುಟ್ಟಲಿಲ್ಲ. ಸೊಪ್ಪಿನವರು ಹೊಗೆಯನ್ನು ದೂರಿದರು. ವರ್ತಕನು ಹುಳುವನ್ನು ದೂರಿದನು.

ಆ ಊರಿನ ಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದಳು. ಮಕ್ಕಳು ಅವಳನ್ನು ಕೇಳಿದರು: “ಅಕ್ಕೋರೇ, ಹೊಗೆ ಮೇಲೆ ಹೋಗುತ್ತದೆ. ಮಳೆ ಕೆಳಗೆ ಬರುತ್ತದೆ. ಒಂದಕ್ಕೊಂದು ಏನು ಸಂಬಂಧ?”

ಅವಳು ಮಕ್ಕಳಿಂದ ದಾಸವಾಳದ ಹೂ ಕೀಳಿಸಿ, ಬಿಸಿನೀರಿನಲ್ಲಿ ನೆನೆಸಿ, ಹಿಂಡಿಸಿದಳು. ನೇರಳೆ ಬಣ್ಣದ ರಸ ಬಂತು. ಅದನ್ನು ಎರಡು ಲೋಟಗಳಿಗೆ ಹಾಕಿದಳು. ಒಂದಕ್ಕೆ ಬಾವಿಯ ನೀರು ಬೆರೆಸಿದಳು. ಬಣ್ಣ ಹಾಗೆಯೇ ಉಳಿಯಿತು. ಇನ್ನೊಂದಕ್ಕೆ ನಿಂಬೆಹಣ್ಣು ಹಿಂಡಿದಳು, ರಸ ಕೆಂಪಾಯಿತು.

“ಹುಳಿ ಸೇರಿದರೆ ಹೀಗಾಗುತ್ತದೆ,” ಎಂದಳು. “ಕಲ್ಲಿದ್ದಲಿನ ಹೊಗೆ ಮಳೆನೀರಿನಲ್ಲಿ ಕರಗಿದರೆ ಆ ನೀರೂ ಹುಳಿಯಾಗುತ್ತದೆ. ಅದಕ್ಕೆ ಆಮ್ಲಮಳೆ ಎನ್ನುತ್ತಾರೆ. ಮುಂದಿನ ಮಳೆಯ ನೀರು ಹಿಡಿದು ನೀವೇ ನೋಡಿ. ಕೆಂಪಾಗುತ್ತದೆ.”

ಸುದ್ದಿ ಊರಿಗೆಲ್ಲ ಹರಡಿತು. ಮುಂದಿನ ಮಳೆ ಒಂದು ಬೆಳಗಿನ ಜಾವ ಶುರುವಾಯಿತು. ಶಾಲೆ ತೆರೆದ ಮೇಲೆ ಮಕ್ಕಳು ಅಂಗಳದಲ್ಲಿ ಪಾತ್ರೆ ಇಟ್ಟು ನೀರು ಹಿಡಿದರು. ಸೊಪ್ಪಿನವರು ಬಂದು ಸುತ್ತ ನಿಂತರು. ವರ್ತಕನೂ ಬಂದನು. ಆ ಶಾಲೆಯ ಮಾಡಿಗೆ ಹೆಂಚು ಹೊದಿಸಿಕೊಟ್ಟವನು ಅವನೇ.

ಸೊಪ್ಪಿನವನೊಬ್ಬನು ಉಪಾಧ್ಯಾಯಿನಿಯ ಹತ್ತಿರ ಸರಿದು, ಮುಷ್ಟಿಯೊಳಗಿನ ನಿಂಬೆಹಣ್ಣಿನ ಹೋಳು ತೋರಿಸಿದನು. “ಅಕ್ಕೋರೇ, ನಿಜ ಏನೆಂದು ನಮಗೆಲ್ಲ ಗೊತ್ತೇ ಇದೆ. ಎರಡು ಹನಿ ಬಿಟ್ಟುಬಿಡಿ. ಯಾರೂ ನೋಡುವುದಿಲ್ಲ,” ಎಂದು ಪಿಸುಗುಟ್ಟಿದನು.

ಅವಳು ಆ ಹೋಳನ್ನು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಮೇಜಿನ ಮೂಲೆಯಲ್ಲಿ ಇಟ್ಟಳು. ಆಮೇಲೆ ಹೂವಿನ ರಸಕ್ಕೆ ಮಳೆನೀರು ಬೆರೆಸಿದಳು.

ಬಣ್ಣ ಬದಲಾಗಲಿಲ್ಲ.

ಅವಳು ಲೋಟವನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಕಪ್ಪುಹಲಗೆಯ ಮೇಲೆ ತಾರೀಖು ಹಾಕಿ, ದೊಡ್ಡ ಅಕ್ಷರಗಳಲ್ಲಿ ಬರೆದಳು: ‘ಇಂದಿನ ಮಳೆನೀರಿನಲ್ಲಿ ಬಣ್ಣ ಬದಲಾಗಲಿಲ್ಲ.’ ಮಕ್ಕಳ ಕಡೆಗೆ ತಿರುಗಿ, “ನಾನು ಹೇಳಿದಂತೆ ಆಗಲಿಲ್ಲ. ಏಕೆಂದು ನನಗೆ ಗೊತ್ತಿಲ್ಲ,” ಎಂದಳು.

ವರ್ತಕನು ಆ ಸಂಜೆ ಶಾಲೆಗೆ ಪೇಡೆ ಕಳಿಸಿದನು. ಸೊಪ್ಪಿನವರು ಅವಳನ್ನು ಮಾತನಾಡಿಸುವುದನ್ನೇ ಬಿಟ್ಟರು. ಅವಳು ವರ್ತಕನ ಕಡೆ ಸೇರಿದಳೆಂದು ಕೆಲವರು ಆಡಿಕೊಂಡರು. ಸೊಪ್ಪು ಬೆಳೆಯುವ ಊರಿನಲ್ಲಿ ಅವಳಿಗೆ ಒಂದು ಕಟ್ಟು ಸೊಪ್ಪು ಕೊಡುವವರಿರಲಿಲ್ಲ. ಅವಳು ಹಲಗೆಯ ಮೇಲಿನ ಆ ಸಾಲನ್ನು ಅಳಿಸಲಿಲ್ಲ. ಉಳಿದ ಜಾಗದಲ್ಲೇ ದಿನದ ಪಾಠ ಬರೆದಳು.

ದ್ಯಾಮವ್ವ ಎಂಬ ಒಂಬತ್ತು ವರ್ಷದ ಹುಡುಗಿ ಆ ಸಾಲನ್ನು ನೋಡುತ್ತಲೇ ಇದ್ದಳು. ಅವಳ ತಂದೆಯೂ ಸೊಪ್ಪಿನವನೇ. ಆರನೆಯ ದಿನ ಅವಳು ಎದ್ದು ನಿಂತಳು.

“ಅಕ್ಕೋರೇ, ಅವತ್ತು ನಾವು ಪಾತ್ರೆ ಇಟ್ಟಾಗ ಮಳೆ ಶುರುವಾಗಿ ನಾಲ್ಕು ತಾಸಾಗಿತ್ತು. ಅಷ್ಟರಲ್ಲಿ ಹೊಗೆಯೆಲ್ಲ ತೊಳೆದುಹೋಗಿದ್ದರೆ? ನಮ್ಮ ಸೊಪ್ಪಿನ ಮೇಲೆ ಮೊದಲ ಹನಿಯೂ ಬೀಳುತ್ತದಲ್ಲ?”

ಉಪಾಧ್ಯಾಯಿನಿ ಕುರ್ಚಿಯಿಂದ ಎದ್ದಳು. “ಇದು ನನಗೆ ಹೊಳೆದಿರಲಿಲ್ಲ, ದ್ಯಾಮವ್ವ,” ಎಂದಳು.

ಅವರು ಹನ್ನೆರಡು ದಿನ ಕಾದರು. ಮೋಡ ಕವಿದ ಕೂಡಲೇ, ಮೊದಲ ಹನಿ ಬೀಳುವ ಮುನ್ನ, ಮಕ್ಕಳು ತೊಳೆದ ಪಾತ್ರೆಗಳನ್ನು ಸೊಪ್ಪಿನ ಮಡಿಗಳ ನಡುವೆ ಇಟ್ಟರು. ಕೆಲವನ್ನು ಹೊಗೆ ಹೋಗದ ದಿಕ್ಕಿನ ಗುಡ್ಡದ ಮೇಲೆ ಇಟ್ಟರು. ಎರಡು ಬೆರಳು ನೀರು ನಿಂತೊಡನೆ ಎತ್ತಿಕೊಂಡರು. ಗುಡ್ಡದ ನೀರಿಗೆ ರಸ ಹಾಗೆಯೇ ಉಳಿಯಿತು. ಮಡಿಗಳ ನೀರಿಗೆ ಕೆಂಪಾಯಿತು. ನಿಂಬೆಯಷ್ಟಲ್ಲ, ಆದರೆ ಕಣ್ಣಿದ್ದವರು ಅಲ್ಲವೆನ್ನುವಂತಿರಲಿಲ್ಲ.

ಅವಳು ಮೊದಲು ವರ್ತಕನಿಗೇ ಹೇಳಿಕಳಿಸಿದಳು. ಅವನು ನಂಬಲಿಲ್ಲ. ಮುಂದಿನ ಮಳೆಗೆ ತನ್ನ ಮನೆಯ ಪಾತ್ರೆಯನ್ನು ತಾನೇ ತೊಳೆದು, ತಾನೇ ಮಡಿಗಳ ನಡುವೆ ಇಟ್ಟು, ತಾನೇ ಶಾಲೆಗೆ ತಂದನು. ಆ ನೀರಿಗೂ ರಸ ಕೆಂಪಾಯಿತು.

ಜೊತೆಗೆ ಬಂದಿದ್ದ ಅವನ ಗುಮಾಸ್ತನು, “ಹೂವಿನ ಆಟ, ಧಣಿ. ಇದನ್ನು ಯಾರು ನಂಬುತ್ತಾರೆ?” ಎಂದನು.

ವರ್ತಕನು ಕಪ್ಪುಹಲಗೆಯ ಮೇಲಿನ ಹಳೆಯ ಸಾಲನ್ನು ಬಹಳ ಹೊತ್ತು ನೋಡಿದನು.

“ಅವತ್ತು ಊರೇ ಎದುರು ನಿಂತಾಗ ಬಣ್ಣ ಬದಲಾಗಲಿಲ್ಲ ಎಂದು ಬರೆದವರು ಇವರು,” ಎಂದನು. “ಇವತ್ತು ಬದಲಾಯಿತು ಎಂದರೆ, ನಾನು ಯಾವ ಬಾಯಲ್ಲಿ ಇಲ್ಲವೆನ್ನಲಿ?”

ಹೊಗೆಯನ್ನು ತೊಳೆದು ಹೊರಗೆ ಬಿಡುವ ಯಂತ್ರವನ್ನು ಅವನು ತರಿಸಿದನು. ಅದು ಬಂದು ನಿಲ್ಲಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಮೂರು ಮನೆಯವರು ಹೊಲ ಮಾರಿ ಹೋಗಿದ್ದರು, ಅವರು ಮರಳಲಿಲ್ಲ. ಉಳಿದವರ ಸೊಪ್ಪಿನ ಮೇಲೆ ಚುಕ್ಕೆಗಳು ಕಡಿಮೆಯಾದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಯೋಚಿಸಿ, “ಆ ಹುಡುಗಿ ಎದ್ದು ನಿಲ್ಲದೆ ಹೋಗಿದ್ದರೆ, ಆ ಉಪಾಧ್ಯಾಯಿನಿಯ ಪಾಠ ವ್ಯರ್ಥವಾಗುತ್ತಿತ್ತಲ್ಲವೇ?” ಎಂದನು.

“ಹಲಗೆಯ ಮೇಲೆ ಆ ಸಾಲು ಬರೆದ ದಿನವೇ ಪಾಠ ಆಗಿತ್ತು, ಮಗು. ಹುಡುಗಿ ಅದನ್ನು ಒಪ್ಪಿಸಿದಳು, ಅಷ್ಟೇ.”